ಮೇಣ ಬಳಿದ ಚೀಲ ಮತ್ತು ಕಾಗಬೇನಿಯ ಚಳಿ

ಕಾಗಬೇನಿ

ಒಳಗಿದ್ದುದನ್ನೆಲ್ಲ ತೆಗೆದು ಮಂಚದ ಮೇಲೆ ಹಾಕಿದ ಮೇಲೂ ಚೀಲ ನೆಟ್ಟಗೆ ನಿಂತೇ ಇತ್ತು. ಹೆಗಲ ಪಟ್ಟಿಗಳೆರಡೂ ಮುಂದಕ್ಕೆ ಬಾಗಿ, ನಾನಿನ್ನೂ ಅವುಗಳ ನಡುವೆ ಇದ್ದೇನೆ ಎನ್ನುವಂತೆ ಗಾಳಿಯಲ್ಲಿ ಹಾಗೇ ಉಳಿದಿದ್ದವು. ಬೆರಳಿನಿಂದ ತಟ್ಟಿದೆ. ರಟ್ಟಿನ ಪೆಟ್ಟಿಗೆಯ ಸದ್ದು ಬಂತು. ಮೇಲಿನ ಮುಚ್ಚಳವನ್ನು ಮಡಚಲು ಹೋದರೆ ಅದು ಹಪ್ಪಳದ ಹಾಗೆ ಲಟ್ಟೆಂದು ಸೀಳಿತು.

ಇದು ನೇಪಾಳದ ಕಾಗಬೇನಿ ಎಂಬ ಊರಿನಲ್ಲಿ ನಡೆದದ್ದು. ನದಿಯ ದಂಡೆ ಹಿಡಿದು ಆರು ದಿನ ನಡೆದು ಅಲ್ಲಿಗೆ ಮುಟ್ಟಿದ್ದೆವು. ಮರುದಿನ ಮುಕ್ತಿನಾಥಕ್ಕೆ ಏರಬೇಕಿತ್ತು. ಊರಿನಿಂದ ಹೊರಟ ಏಳು ಜನರಲ್ಲಿ ನನಗೆ ಹತ್ತಿರದವಳು ಅನ್ನಪೂರ್ಣ ಒಬ್ಬಳೇ. ದಾವಣಗೆರೆಯ ಬ್ಯಾಂಕೊಂದರಲ್ಲಿ ಗುಮಾಸ್ತೆ, ನನ್ನ ಶಾಲೆಯ ಗೆಳತಿ. ಮಾತು ಅವಳದು, ಕೇಳುವುದು ನನ್ನದು ಎಂದು ನಮ್ಮಲ್ಲಿ ಬಹಳ ಹಿಂದೆಯೇ ಹಂಚಿಕೆಯಾಗಿದೆ. ಅವಳು ಕಂಬಳಿಯೊಳಗಿನಿಂದ ಕತ್ತು ಮಾತ್ರ ಹೊರಗೆ ಹಾಕಿ ಚೀಲವನ್ನು ನೋಡಿದಳು. "ಲೇ, ಅದನ್ನ ಬಾಗಿಲ ಕಡೆ ತಿರುಗ್ಸಿ ಇಡು. ಯಾರೋ ಕೈ ಚಾಚ್ಕೊಂಡು ನಿಂತಂಗೆ ಕಾಣ್ತೈತೆ," ಎಂದಳು.

ತಿರುಗಿಸಿ ಇಟ್ಟೆ. ಆಮೇಲೆ ಅದರ ಎದುರಿಗೆ ಕೂತುಕೊಂಡೆ. ಒಂಬತ್ತು ವರ್ಷ ಬೆನ್ನಿಗಿದ್ದ ಚೀಲ ಅದು. ಸೀಳು ಎಷ್ಟು ಉದ್ದವಿದೆ ಎಂದು ಅಳೆಯುವುದಕ್ಕೂ ಅವತ್ತು ನನಗೆ ಮನಸ್ಸಿರಲಿಲ್ಲ.

ದಾವಣಗೆರೆ

ಚೀಲವನ್ನು ಹೊಲಿದವರು ಖಾದರ್ ಸಾಬ್ರು. ದಾವಣಗೆರೆಯ ಲಾರಿ ಸ್ಟ್ಯಾಂಡಿನ ಪಕ್ಕ ಅವರದು ತಾಡಪತ್ರಿ ಹೊಲಿಯುವ ಅಂಗಡಿ. ಲಾರಿಗಳಿಗೆ ಹೊದಿಸುವ ದಪ್ಪ ಬಟ್ಟೆ, ಮೆಕ್ಕೆಜೋಳದ ರಾಶಿಗೆ ಮುಚ್ಚುವ ಬಟ್ಟೆ ಇವೇ ಅವರ ಕೆಲಸ. ನಾನು ಪಿಯುಸಿಯಲ್ಲಿದ್ದಾಗ ಕೊಂಡಜ್ಜಿ ಕೆರೆಯ ಹತ್ತಿರದ ಶಿಬಿರಕ್ಕೆ ಹೋಗಲು ಬೆನ್ನುಚೀಲ ಬೇಕಾಗಿತ್ತು. ಅಂಗಡಿಗಳಲ್ಲಿ ಸಿಗುತ್ತಿದ್ದುದು ಶಾಲೆಯ ಚೀಲ ಮಾತ್ರ. ಅಪ್ಪ ನನ್ನನ್ನು ಸಾಬ್ರ ಬಳಿ ಕರೆದೊಯ್ದರು. ಅವರು ಟೇಪನ್ನು ನನ್ನ ಬೆನ್ನಿಗೆ ತಾಗಿಸದೆ, ಗಾಳಿಯಲ್ಲೇ ಹಿಡಿದು ಅಳತೆ ತೆಗೆದರು. ಲಾರಿಯ ಬಟ್ಟೆಯಲ್ಲಿ ಉಳಿದಿದ್ದ ತುಂಡಿನಿಂದ ಎರಡು ದಿನದಲ್ಲಿ ಚೀಲವಾಯಿತು. ಮುಚ್ಚಳದ ಒಳಗೆ, ಹೊರಗಿನವರಿಗೆ ಕಾಣದ ಕಡೆ, ನನ್ನ ಹೆಸರಿನ ಮೊದಲ ಅಕ್ಷರವನ್ನು ಸರಪಳಿ ಹೊಲಿಗೆಯಲ್ಲಿ ಹಾಕಿದ್ದರು. ಹೇಳದೆಯೇ ಒಳಗೆ ಹಾಕಿದ್ದು ನನಗೆ ಹಿಡಿಸಿತು.

ಅಂದಿನಿಂದ ಪ್ರತಿ ವರ್ಷ ಅದನ್ನು ರಿಪೇರಿಗೆ ಒಯ್ಯುತ್ತಿದ್ದೆ. ಆ ಹೊತ್ತಿಗೆ ಸೂಜಿಯಲ್ಲಿ ಯಾವ ಬಣ್ಣದ ದಾರ ಇರುತ್ತಿತ್ತೋ ಅದರಲ್ಲೇ ಹೊಲಿದು ಕೊಡುತ್ತಿದ್ದರು. ಬಾತಿ ಗುಡ್ಡದಲ್ಲಿ ಹರಿದದ್ದು ಹಸಿರು, ಎಂ.ಎಸ್ಸಿ. ಓದುವಾಗ ಹಾಸ್ಟೆಲಿನ ಮೆಟ್ಟಿಲಲ್ಲಿ ಹರಿದದ್ದು ಕಪ್ಪು. ನಾನು ದಿನಚರಿ ಬರೆಯುವವಳಲ್ಲ. ಬೇಕೆಂದರೆ ಆ ಹೊಲಿಗೆಗಳನ್ನು ನೋಡಿ ವರ್ಷಗಳನ್ನು ಹೇಳಬಲ್ಲವಳಾಗಿದ್ದೆ.

ನೇಪಾಳದ ಮಾತು ಎದ್ದದ್ದು ಶಿವಮೂರ್ತಿ ಸರ್ ಅವರಿಂದ. ಹರಿಹರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು, ಕೊಂಡಜ್ಜಿಯಲ್ಲಿ ನಮಗೆ ಗಂಟು ಹಾಕುವುದನ್ನು ಕಲಿಸಿದವರು. ಮುಂದಿನ ಬೇಸಿಗೆಗೆ ಅದೇ ಶಿಬಿರದ ಹನ್ನೆರಡು ಹುಡುಗಿಯರನ್ನು ಹಿಮಾಲಯಕ್ಕೆ ಕರೆದೊಯ್ಯುವ ಯೋಚನೆ ಅವರದು. ಅದಕ್ಕೆ ಮೊದಲು ದೊಡ್ಡವರು ಒಮ್ಮೆ ಚಳಿಯ ನಾಡಿಗೆ ಹೋಗಿ ನೋಡಿ ಬರೋಣ ಎಂದರು. ಹುಡುಗಿಯರಿಗೆ ಬೇಕಾದ ಹನ್ನೆರಡು ಚೀಲಗಳನ್ನು ಖಾದರ್ ಸಾಬ್ರಿಗೇ ಹೇಳಿದ್ದರು, ನನ್ನ ಚೀಲವನ್ನು ನೋಡಿ.

ನಾನು ಹೊರಡುವ ಮುನ್ನ ರಿಪೇರಿಗೆ ಹೋದಾಗ ಸಾಬ್ರು ಅಂಗಡಿಯ ಹಿಂದೆ ಒಂದು ಡಬ್ಬದಲ್ಲಿ ಏನನ್ನೋ ಕಾಯಿಸುತ್ತಿದ್ದರು. ಮೇಣ, ಅಗಸೆ ಎಣ್ಣೆ, ಕೆಮ್ಮಣ್ಣು. ಲಾರಿಯ ತಾಡಪತ್ರಿಗೆ ನೀರು ಇಳಿಯದ ಹಾಗೆ ಬಳಿಯುವ ಮದ್ದು. ಅದನ್ನು ನನ್ನ ಚೀಲಕ್ಕೆ ತಾವೇ ಬಳಿದು, ಬಿಸಿಲಿಗೆ ಹಾಕಿ, ಕೈಯಿಂದ ತಿಕ್ಕಿ ಕೊಟ್ಟರು. ಕಾರ್ತಿಕದ ಬಿಸಿಲಿನಲ್ಲಿ ಅದು ಚರ್ಮದ ಹಾಗೆ ಮೆತ್ತಗಿತ್ತು. ಮೇಲೆ ನೀರು ಸುರಿದರೆ ಕೆಸುವಿನೆಲೆಯ ಮೇಲಿನಂತೆ ಉರುಳಿ ಹೋಗುತ್ತಿತ್ತು.

ಗೋಡೆಗೆ ಒರಗಿಸಿದ್ದ ಬಿಳಿ ಬಟ್ಟೆಯ ತಾನನ್ನು ತೋರಿಸಿ ಅವರು ಹೇಳಿದರು. "ಇದೇ ಕೊನೇದು ನೋಡವ್ವ. ಮಿಲ್ಲು ಮುಚ್ಚೋ ಮುಂಚೆ ತಂದಿಟ್ಟಿದ್ದೆ. ಲಾರಿಯೋರೆಲ್ಲ ಈಗ ಪ್ಲಾಸ್ಟಿಕ್ ಹಾಳೆಗೆ ಬಿದ್ದಾರೆ, ನನ್ನತ್ರ ಯಾರು ಬರ್ತಾರೆ. ಈ ಹನ್ನೆರಡು ಚೀಲ ಚಲೋ ಆದ್ರೆ ಆಕಡೆ ಈಕಡೆಯೋರೂ ಕೇಳ್ಯಾರು. ನೀ ಹೋಗಿ ಬಂದು ಹೇಳು. ಚಲೋ ಐತೆ ಅಂದ್ರೆ ಎಲ್ಲಕ್ಕೂ ಬಳೀತೀನಿ, ಬ್ಯಾಡ ಅಂದ್ರೆ ಬಿಡ್ತೀನಿ. ಬಟ್ಟೆ ಕೆಟ್ರೆ ಇನ್ನೊಂದು ಸಿಗಂಗಿಲ್ಲ."

ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಮೇಣ ಯಾವ ಶಾಖಕ್ಕೆ ಕರಗುತ್ತದೆ, ತಣ್ಣಗಾದರೆ ಏನಾಗುತ್ತದೆ ಎಂದು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ಸಾಬ್ರಿಗೆ ದಾವಣಗೆರೆಯ ಬಿಸಿಲು ಗೊತ್ತು, ಮಳೆ ಗೊತ್ತು. ನೀರು ಹೆಪ್ಪುಗಟ್ಟುವ ಚಳಿಯನ್ನು ಅವರು ಕಂಡವರಲ್ಲ. ನಾನೂ ಕಂಡಿರಲಿಲ್ಲ, ಆದರೆ ಓದಿದ್ದೆ. ಚೀಲ ಹೆಗಲಿಗೆ ಏರಿಸಿಕೊಂಡು, ಚೆನ್ನಾಗಿದೆ ಎಂದು ಹೇಳಿ ಮನೆಗೆ ಬಂದೆ.

ಹರಿಹರ

ಹೊರಡುವ ದಿನ ಎಲ್ಲರೂ ಹರಿಹರದಲ್ಲಿ ಶಿವಮೂರ್ತಿ ಸರ್ ಮನೆಯಲ್ಲಿ ಸೇರಿದೆವು. ಜಗುಲಿಯ ತೊಲೆಗೆ ಸ್ಪ್ರಿಂಗ್ ತಕ್ಕಡಿ ತೂಗುಹಾಕಿ ಒಬ್ಬೊಬ್ಬರ ಚೀಲವನ್ನೂ ತೂಗಿದರು. ಅನ್ನಪೂರ್ಣಳ ಚೀಲದಿಂದ ಚಕ್ಕುಲಿಯ ಡಬ್ಬ ಹೊರಬಂತು, ಅವಳು ವಾದ ಮಾಡಿ ಮತ್ತೆ ಒಳಗಿಟ್ಟಳು. ನನ್ನದನ್ನು ಕೊಕ್ಕೆಯಿಂದ ಇಳಿಸಿದ ಮೇಲೆ ಸರ್ ಅಂಗೈ ನೋಡಿಕೊಂಡರು, ಕೆಂಪಾಗಿತ್ತು. ಮೂಸಿ ನೋಡಿದರು. "ಚೀಲ ಹೋಗಿ ಲಾರಿ ಆಗೈತಲ್ಲಮ್ಮ," ಎಂದರು.

ಅವರ ಮಾತು ಸುಳ್ಳಾಗಿರಲಿಲ್ಲ. ರೈಲಿನಲ್ಲಿ ಪಕ್ಕದಲ್ಲಿ ಕೂತವರು ಒಬ್ಬೊಬ್ಬರಾಗಿ ಬೇರೆ ಕಡೆ ಸರಿದರು. ಮೂರು ದಿನದ ಆ ಪ್ರಯಾಣದ ಬಗ್ಗೆ ಹೇಳುವಂಥದ್ದು ಬೇರೇನೂ ಇಲ್ಲ. ಕಿಟಕಿಯ ಸರಳಿನ ಗುರುತು ಹಣೆಯ ಮೇಲೆ ಮೂಡಿತ್ತು. ಗಡಿ ದಾಟಿದ್ದು ಸೈಕಲ್ ರಿಕ್ಷಾದಲ್ಲಿ. ಪರದೇಶಕ್ಕೆ ಕಾಲಿಟ್ಟೆ ಎಂದು ಅನ್ನಿಸಲೇ ಇಲ್ಲ. ಆ ಕಡೆಯೂ ಅದೇ ದೂಳು, ಅದೇ ಬಾಳೆಹಣ್ಣಿನ ಗಾಡಿ.

ತಾತೋಪಾನಿ

ನಡಿಗೆಯ ಮೊದಲ ದಿನಗಳಲ್ಲಿ ಸೆಕೆಯಿತ್ತು, ಚೀಲ ಮೆತ್ತಗಿತ್ತು, ಬಣ್ಣ ಬಿಡುತ್ತಿತ್ತು. ಬಿಸಿನೀರಿನ ಬುಗ್ಗೆಯಿರುವ ತಾತೋಪಾನಿ ಎಂಬ ಊರಿಗೆ ಮುಟ್ಟುವ ಹೊತ್ತಿಗೆ ನನ್ನ ಬಿಳಿ ಅಂಗಿಯ ಬೆನ್ನು ಪೂರ್ತಿ ಕಾವಿಯಾಗಿತ್ತು. ಎದುರು ಬಂದ ಮುದುಕಿಯೊಬ್ಬಳು ನಿಂತು ಕೈಮುಗಿದಳು. ಸನ್ಯಾಸಿನಿಯೆಂದು ತಿಳಿದಿರಬೇಕು. ನಾನೂ ಕೈಮುಗಿದೆ. ತಿದ್ದಲು ಭಾಷೆಯೂ ಇರಲಿಲ್ಲ, ತ್ರಾಣವೂ ಇರಲಿಲ್ಲ.

ಆ ದಾರಿಯಲ್ಲಿ ಹೇಸರಗತ್ತೆಗಳ ಸಾಲು ಗಂಟೆ ಬಾರಿಸುತ್ತ ಬರುತ್ತದೆ. ಆಗ ಗುಡ್ಡದ ಕಡೆಗೆ ಸರಿದು ನಿಲ್ಲಬೇಕು, ಕಣಿವೆಯ ಕಡೆಗಲ್ಲ. ಇದನ್ನು ಅಲ್ಲಿಯವರು ಮಾತಿಲ್ಲದೆ ಭುಜ ಹಿಡಿದು ಕಲಿಸುತ್ತಾರೆ. ನಮ್ಮಲ್ಲಿ ಅಪರಿಚಿತ ಹೆಣ್ಣುಮಗಳ ಭುಜ ಹಿಡಿದರೆ ಊರೇ ಕೂಡುತ್ತದೆ. ಮೊದಲ ದಿನ ಮೈ ಬಿಗಿಹಿಡಿದೆ. ಮೂರನೆಯ ದಿನ ಯಾರಾದರೂ ಹಿಡಿದರೆ ಸಾಕು ಎಂದು ಕಾಯುತ್ತಿದ್ದೆ, ಅಷ್ಟು ಹೊತ್ತು ನಿಲ್ಲಬಹುದಲ್ಲ ಎಂದು.

ಮಾರ್ಫಾ

ಕಣಿವೆ ಅಗಲವಾದ ಮೇಲೆ ಗಾಳಿ ಶುರುವಾಯಿತು. ನಮ್ಮ ಆಷಾಢದ ಗಾಳಿ ತಿಂಗಳಿಡೀ ತನಗೆ ತೋಚಿದಂತೆ ಬೀಸುತ್ತದೆ. ಅಲ್ಲಿಯದು ಹರಿಹರದ ಕಾರ್ಖಾನೆಯ ಸೈರನ್ನಿನಂತೆ ದಿನವೂ ಒಂದೇ ಹೊತ್ತಿಗೆ, ಮಧ್ಯಾಹ್ನದ ಮುಂಚೆ. ಆಮೇಲೆ ಬಾಯಲ್ಲಿ ಮರಳು. ಸೇಬಿನ ತೋಟಗಳ ಊರಾದ ಮಾರ್ಫಾದಲ್ಲಿ ಬೆಳಗ್ಗೆ ಎದ್ದು ಚೀಲ ಎತ್ತಿದರೆ ಪಟ್ಟಿಗಳು ಬಗ್ಗಲಿಲ್ಲ. ಬಿಸಿಲೇರುವವರೆಗೆ ಅದನ್ನು ನೊಗದಂತೆ ಹೊತ್ತೆ. ಹೆಗಲಿನ ಎರಡೂ ಕಡೆ ಚರ್ಮ ಕಿತ್ತುಬಂತು. ಯಾರಿಗೂ ಹೇಳಲಿಲ್ಲ. ಮೇಣ ಎಂಬ ಪದ ಆಗ ಮೊದಲ ಸಲ ತಲೆಯಲ್ಲಿ ಬಂದು ಕೂತಿತು.

ಕಾಗಬೇನಿ, ಅದೇ ಸಂಜೆ

ಅಲ್ಲಿಯ ವಸತಿಮನೆಗಳಲ್ಲಿ ಊಟದ ಮೇಜಿಗೆ ಸುತ್ತಲೂ ನೆಲ ಮುಟ್ಟುವ ಹಾಗೆ ಕಂಬಳಿ ಇಳಿಬಿಟ್ಟು, ಮೇಜಿನ ಕೆಳಗೆ ಕೆಂಡದ ಬಾಣಲೆ ಇಡುತ್ತಾರೆ. ಎಲ್ಲರೂ ಕಂಬಳಿಯೊಳಗೆ ಕಾಲು ಹಾಕಿ ಕೂಡಬೇಕು. ಬೆಂಕಿಯ ಕಡೆ ಕಾಲು ಚಾಚುವುದು ಹೇಗೆಂದು ಅನ್ನಪೂರ್ಣ ಅನುಮಾನಿಸಿದಳು. ಬೆರಳುಗಳಿಗೆ ಬಿಸಿ ತಾಗಿದ ಮೇಲೆ ಅದರ ಮಾತೆತ್ತಲಿಲ್ಲ.

ನನಗೆ ಖಾದರ್ ಸಾಬ್ರ ಅಂಗಡಿ ನೆನಪಾಯಿತು. ಬಿರುಸಾದ ತಾಡಪತ್ರಿಯನ್ನು ಅವರು ಬಿಸಿಲಿಗೆ ಹರವಿ ಮೆತ್ತಗೆ ಮಾಡುತ್ತಿದ್ದರು. ಕೋಣೆಗೆ ಹೋಗಿ ಚೀಲ ತಂದು, ಪಟ್ಟಿಗಳಿರುವ ಕಡೆಯನ್ನು ಕಂಬಳಿಯೊಳಗೆ ತಳ್ಳಿದೆ. ಸ್ವಲ್ಪ ಹೊತ್ತಿಗೆ ಕೈಹಾಕಿ ನೋಡಿದರೆ ನಿಜಕ್ಕೂ ಬಗ್ಗುತ್ತಿತ್ತು. ಸಮಾಧಾನದಿಂದ ಸಾರಿಗೆ ಅನ್ನ ಕಲಸಿದೆ. ಮೇಣವೂ ಎಣ್ಣೆಯೂ ಕರಗಿ ಕೆಂಡದ ಮೇಲೆ ತೊಟ್ಟಿಕ್ಕುತ್ತವೆ ಎಂದು ರಸಾಯನಶಾಸ್ತ್ರ ಓದಿದವಳಿಗೆ ಹೊಳೆಯಲಿಲ್ಲ.

"ಯಾರದೋ ಲಾರಿ ಸುಡ್ತೈತೆ," ಎಂದಳು ಅನ್ನಪೂರ್ಣ, ತುತ್ತು ಬಾಯಲ್ಲಿಟ್ಟುಕೊಂಡೇ.

ಕಂಬಳಿಯ ಅಂಚಿನಿಂದ ಹೊಗೆ ಬಂತು. ಮನೆಯೊಡತಿ ಕೆಟಲಿನ ನೀರನ್ನೆಲ್ಲ ಮೇಜಿನ ಕೆಳಗೆ ಸುರಿದಳು. ಚೀಲವನ್ನು ಹೊರಗೆಳೆದಾಗ ಒಂದು ಪಟ್ಟಿ ಇರಲಿಲ್ಲ, ಬೆನ್ನಿನ ಕೆಳಭಾಗದಲ್ಲಿ ತಟ್ಟೆಯಗಲದ ತೂತು. ಕಂಬಳಿಗೂ ಒಂದು ಕಡೆ ಕಪ್ಪು ಕಲೆ. ಕ್ಷಮೆ ಕೇಳಲು ನನಗೆ ಬರುವ ಹಿಂದಿಯನ್ನೆಲ್ಲ ಒಟ್ಟುಮಾಡುತ್ತಿದ್ದೆ. ಎಲ್ಲರೂ ದೀದಿ ಎಂದು ಕರೆಯುತ್ತಿದ್ದ ಆ ಹೆಂಗಸು ಕಂಬಳಿಯನ್ನು ತಿರುಗಿಸಿ, ಕಲೆಯಿರುವ ಕಡೆಯನ್ನು ಗೋಡೆಗೆ ಮಾಡಿ, ಮತ್ತೆ ಕೂಡಲು ಹೇಳಿದಳು.

ಚೀಲವನ್ನು ಅಂಗಳಕ್ಕೆ ಒಯ್ದೆ. ಸುಡದೆ ಉಳಿದಿದ್ದ ಮುಚ್ಚಳದಿಂದ ಅಕ್ಷರವಿದ್ದ ತುಂಡನ್ನು ಚಾಕುವಿನಿಂದ ಬಿಡಿಸಿಕೊಂಡು ಜೇಬಿಗೆ ಹಾಕಿಕೊಂಡೆ. ಮಿಕ್ಕಿದ್ದನ್ನು ದೀದಿ ಒಲೆಗೆ ಕೇಳಿದಳು. ಕೊಟ್ಟೆ.

ಮುಕ್ತಿನಾಥ

ಬೆಳಗ್ಗೆ ಅವಳೇ ಒಂದು ಬುಟ್ಟಿ ತಂದಳು. ಬಿದಿರಿನದು, ಕೆಳಗೆ ಚೂಪು, ಮೇಲೆ ಅಗಲ, ಹಣೆಗೆ ಹಾಕಿಕೊಳ್ಳುವ ನಾರಿನ ಪಟ್ಟಿ. ಅಲ್ಲಿ ಹೊರೆಯೆಲ್ಲ ಇದರಲ್ಲೇ. ವಾಪಸು ಕೊಡುವುದು ಹೇಗೆ ಎಂದು ಕೇಳಿದ್ದಕ್ಕೆ, ಇಳಿಯುವ ದಾರಿಯಲ್ಲಿ ತನ್ನ ತಂಗಿಯ ಮನೆಯಲ್ಲೋ ನಾದಿನಿಯ ಮನೆಯಲ್ಲೋ ಬಿಟ್ಟು ಹೋಗು, ಅದಾಗಿಯೇ ಬರುತ್ತದೆ ಎಂದಳು. ನಮ್ಮಲ್ಲಿ ಮದುವೆಗೆ ಪಾತ್ರೆ ಎರವಲು ಕೊಡುವವರು ಮೊದಲು ಹೆಸರು ಕೊರೆಸಿರುತ್ತಾರೆ. ಆ ಬುಟ್ಟಿಯ ಮೇಲೆ ಯಾವ ಗುರುತೂ ಇರಲಿಲ್ಲ.

ನಮ್ಮ ಹೆಂಗಸರು ಸಿಂಬಿಯಿಟ್ಟು ತಲೆಯ ಮೇಲೆ ಹೊರುತ್ತಾರೆ, ಕತ್ತು ನೆಟ್ಟಗಿರುತ್ತದೆ, ದೂರ ಕಾಣುತ್ತದೆ. ಹಣೆಯಿಂದ ಹೊರುವವರಿಗೆ ನೆಲ ಬಿಟ್ಟು ಬೇರೇನೂ ಕಾಣುವುದಿಲ್ಲ. ನಾಲ್ಕು ಗಂಟೆಯ ಏರಿನಲ್ಲಿ ನಾನು ನೋಡಿದ್ದು ಶಿವಮೂರ್ತಿ ಸರ್ ಅವರ ಬೂಟಿನ ಹಿಮ್ಮಡಿಗಳನ್ನು. ಎಡಗಡೆಯದು ಹೆಚ್ಚು ಸವೆದಿತ್ತು. ಹಿಮದ ಶಿಖರಗಳ ಬಗ್ಗೆ ಅನ್ನಪೂರ್ಣಳನ್ನು ಕೇಳಬೇಕು. ಗುಡಿಯ ಹಿಂದೆ ಸಾಲಾಗಿ ಸುರಿಯುವ ತಣ್ಣೀರಿನ ಕೊಳವೆಗಳ ಕೆಳಗೆ ಜನ ಓಡಿಕೊಂಡು ಮೀಯುತ್ತಿದ್ದರು. ನಾನು ಕಟ್ಟೆಯ ಮೇಲೆ ಕೂತು, ಕತ್ತನ್ನು ಅತ್ತಿತ್ತ ಹೊರಳಿಸಲು ಆಗುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆ.

ಸರ್ ಪಕ್ಕದಲ್ಲಿ ಬಂದು ಕೂತರು. ಚೀಲ ಸುಟ್ಟ ರಾತ್ರಿಯೇ ನನ್ನ ಹೆಗಲಿನ ಗಾಯದ ಸಂಗತಿ ಅವರಿಗೆ ತಿಳಿದಿತ್ತು. "ಸಾಬ್ರಿಗೆ ಏನಂತ ಹೇಳೋದಮ್ಮ?" ಎಂದರು. "ಈ ಮದ್ದು ಬಳಿದ್ರೆ ಆ ಹುಡುಗೇರ ಹೆಗಲು ಉಳಿಯಂಗಿಲ್ಲ."

ನಾನೇ ಹೇಳುತ್ತೇನೆ ಎಂದೆ. ಇಳಿದ ಕೂಡಲೇ ಹೇಳಬೇಕು ಎಂದರು ಅವರು. ಇಳಿದ ಕೂಡಲೇ ಎಂದೆ ನಾನೂ.

ಪೋಖರಾ

ಬುಟ್ಟಿಯನ್ನು ದೀದಿಯ ತಂಗಿಯ ಮನೆಯಲ್ಲಿ ಬಿಟ್ಟೆ. ಪೋಖರಾದ ಕೆರೆಯ ಬದಿಯ ಅಂಗಡಿಯಲ್ಲಿ ನೀಲಿ ನೈಲಾನಿನ ಬೆನ್ನುಚೀಲ ಕೊಂಡೆ. ಮೇಲೆ ಯಾವುದೋ ಪರದೇಶದ ಹೆಸರು, ಹೊಲಿದದ್ದು ಹಿಂದಿನ ಕೋಣೆಯಲ್ಲಿ. ಯಂತ್ರದ ಸದ್ದು ಕೇಳುತ್ತಿತ್ತು. ಹಗುರವಾಗಿತ್ತು, ವಾಸನೆಯಿರಲಿಲ್ಲ, ಚಳಿಗೂ ಬಿಸಿಲಿಗೂ ಒಂದೇ ತೆರ. ದೂರುವಂಥದ್ದೇನೂ ಇಲ್ಲದ ಚೀಲ. ಹೊತ್ತುಕೊಂಡರೆ ಬೇರೆ ಯಾರದೋ ಸಾಮಾನನ್ನು ಸ್ಟೇಷನ್ನಿಗೆ ಮುಟ್ಟಿಸುತ್ತಿದ್ದೇನೆ ಅನ್ನಿಸುತ್ತಿತ್ತು.

ದಾವಣಗೆರೆ, ಮರಳಿ

ಸಂಜೆಯ ಹೊತ್ತಿಗೆ ದಾವಣಗೆರೆಯಲ್ಲಿ ನಾನೂ ಅನ್ನಪೂರ್ಣಳೂ ಇಳಿದೆವು. ಶಿವಮೂರ್ತಿ ಸರ್ ಮತ್ತು ಉಳಿದವರು ಹರಿಹರಕ್ಕೆ ಮುಂದೆ ಹೋದರು. ಅನ್ನಪೂರ್ಣ ಆಟೋ ಹತ್ತಿದಳು. ನಾನು ಮಾತು ಕೊಟ್ಟಂತೆ ಲಾರಿ ಸ್ಟ್ಯಾಂಡಿನ ಕಡೆ ನಡೆದೆ. ಹೇಳಬೇಕಾದ ವಾಕ್ಯವನ್ನು ರೈಲಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ.

ಅಂಗಡಿಯ ಮುಂದೆ ಹಗ್ಗಕ್ಕೆ ಏಳು ಚೀಲಗಳು ಸಾಲಾಗಿ ನೇತಾಡುತ್ತಿದ್ದವು. ಏಳೂ ಕೆಂಪು.

ಸಾಬ್ರು ನನ್ನನ್ನು ಕಂಡು ಎದ್ದು ಬಂದರು. ಬಿಸಿಲು ದಿನೇ ದಿನೇ ಎಳೆಯದಾಗುತ್ತಿದೆ, ಇನ್ನು ಕಾದರೆ ಮೇಣ ಬಟ್ಟೆಗೆ ಇಳಿಯುವುದಿಲ್ಲ, ಅದಕ್ಕೇ ಶುರು ಮಾಡಿದೆ ಎಂದರು. ಹೇಗೂ ನಾನು ಚೆನ್ನಾಗಿದೆ ಎಂದೇ ಹೇಳುತ್ತೇನೆಂದು ಅವರಿಗೆ ಗೊತ್ತಿತ್ತಂತೆ. ಆಮೇಲೆ ಒಳಗೆ ಹೋಗಿ ಇನ್ನೊಂದು ಚೀಲ ತಂದು ನನ್ನ ಕೈಗಿತ್ತರು. ಅದೂ ಕೆಂಪು. ಮುಚ್ಚಳದ ಒಳಗಡೆ, ಕಾಣದ ಕಡೆ, ಸರಪಳಿ ಹೊಲಿಗೆಯಲ್ಲಿ ನನ್ನ ಅಕ್ಷರ.

"ಹಳೇದು ಎಷ್ಟು ದಿನ ಬಂದೀತು. ಹನ್ನೆರಡರ ಜೊತಿಗೆ ನಿಂದೂ ಒಂದು ಕತ್ತರಿಸಿದೆ," ಎಂದರು. ನನ್ನ ಬೆನ್ನಿಗಿದ್ದ ನೀಲಿ ಚೀಲವನ್ನು ನೋಡಿದರು. "ಎಲ್ಲೈತೆ ಅದು?"

ಶಿವಮೂರ್ತಿ ಸರ್ ಸಾಮಾನಿನ ಜೊತೆ ಹರಿಹರಕ್ಕೆ ಹೋಗಿದೆ ಎಂದೆ. ಸುಳ್ಳು ಇಷ್ಟು ಸಲೀಸಾಗಿ, ಊರಿನ ಹೆಸರಿನ ಸಮೇತ, ಬಂದೀತೆಂದು ನಾನು ಎಣಿಸಿರಲಿಲ್ಲ. ಅವರು ಚಹಾ ತರಿಸಿದರು. ಚಳಿ ಹೇಗಿತ್ತು ಎಂದು ಕೇಳಿದರು. ಜಾಸ್ತಿ ಎಂದೆ. ಮೂರು ದಿನದ ರೈಲಿನ ಕುಲುಕಾಟ ಇನ್ನೂ ಮೈಯಲ್ಲಿತ್ತು. ನಾಳೆ ಹೇಳಿದರಾಯಿತು, ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡೆ. ಹೊಸ ಚೀಲವನ್ನು ನಾಳೆ ಒಯ್ಯುತ್ತೇನೆ ಎಂದು ಅಲ್ಲೇ ಬಿಟ್ಟು ಮನೆಗೆ ಬಂದು ಮಲಗಿದೆ.

ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿದ್ದೆ. ಜೇಬಿನಿಂದ ಹಳೆಯ ಮುಚ್ಚಳದ ತುಂಡನ್ನು ತೆಗೆದು ಅವರ ಮುಂದಿಟ್ಟೆ. ಪಟ್ಟಿಗಳು ಕಟ್ಟಿಗೆಯಂತಾದದ್ದು, ಮಡಿಕೆಯಲ್ಲಿ ಸೀಳಿದ್ದು, ನಾನು ಬೆಂಕಿಗೆ ಹಿಡಿದು ಸುಟ್ಟದ್ದು ಎಲ್ಲವನ್ನೂ ನಡೆದ ಕ್ರಮದಲ್ಲೇ ಹೇಳಿದೆ. ಮೇಣ ಚಳಿಗೆ ಹೀಗಾಗುತ್ತದೆ ಎಂದು ನನಗೆ ಮೊದಲೇ ತಿಳಿದಿರಬೇಕಿತ್ತು ಎಂದೂ ಹೇಳಿದೆ. ನಿನ್ನೆ ಆಡಿದ್ದು ಸುಳ್ಳೆಂದೂ.

"ಚಳಿಗೆ ಬಟ್ಟೆ ಒಡೀತೈತಾ?" ಎಂದು ಅವರು ತುಂಡನ್ನು ಕೈಯಲ್ಲಿ ಮಡಚಿ ನೋಡಿದರು. ದಾವಣಗೆರೆಯಲ್ಲಿ ಅದು ಮತ್ತೆ ಚರ್ಮದಂತೆ ಮೆತ್ತಗಿತ್ತು. ಪಕ್ಕದ ಸೋಡಾ ಅಂಗಡಿಗೆ ಹೋಗಿ ಗೋಣಿಯಲ್ಲಿ ಸುತ್ತಿದ ಐಸಿನ ಗಡ್ಡೆ ತಂದೆ. ಅದನ್ನು ಪುಡಿಮಾಡಿ, ಇನ್ನೂ ತಣ್ಣಗಾಗಲೆಂದು ಉಪ್ಪು ಬೆರೆಸಿ, ತುಂಡನ್ನು ಅದರ ನಡುವೆ ಹುಗಿದಿಟ್ಟೆ. ಇಬ್ಬರೂ ಕಾದೆವು. ಹೊರಗೆ ತೆಗೆದು ಅವರ ಕೈಗೇ ಕೊಟ್ಟೆ. ಅವರು ಮಡಚಿದರು. ಕಾಗಬೇನಿಯಲ್ಲಿ ಕೇಳಿದ ಸದ್ದೇ ಕೇಳಿತು.

ಅವರು ಆ ಬಿರುಕನ್ನು ಹೆಬ್ಬೆರಳಿನಿಂದ ಸವರಿದರು. ಸೀಳಿದ್ದು ಹೊಲಿಗೆಯ ಮೇಲೋ ಮಡಿಕೆಯ ಮೇಲೋ ಎಂದು ಕೇಳಿದರು. ಹೊಲಿಗೆ ಒಂದೂ ಬಿಡಲಿಲ್ಲ, ಮಡಿಕೆಯ ಮೇಲೆ ಎಂದೆ. ಬಟ್ಟೆ ಒಗೆಯುವ ಸೋಡಾ ಹಾಕಿ ಕುದಿಸಿದರೆ ಮೇಣ ಬಿಟ್ಟೀತು, ಬಟ್ಟೆ ಉಳಿದರೂ ಉಳಿಯಬಹುದು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನನ್ನ ಮುಖ ನೋಡಿದರು.

"ನಿನ್ನೆ ಹೇಳಬಾರ್ದಿತ್ತೇನವ್ವ. ನೀ ಹೋದ್ಮ್ಯಾಲೆ ಇನ್ನೂ ಮೂರು ಬಳದೆನಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ವಿದ್ಯಾರ್ಥಿಗೆ ಎಲ್ಲಿ ತಪ್ಪಿದೆ ಎಂದು ನಾನು ತೋರಿಸುವ ದನಿ ಅದು. ಮೂರೂ ಒಳಗಿನ ಗೂಟಗಳಲ್ಲಿ ನೇತಾಡುತ್ತಿದ್ದವು. ಮೇಣ ಇನ್ನೂ ಹಸಿಯಾಗಿತ್ತು, ಬಿಸಿಲು ಕಂಡಿರಲಿಲ್ಲ. ಹೊರಗಿನ ಏಳರಷ್ಟು ಆಳಕ್ಕೆ ಇಳಿದಿರಲಿಕ್ಕಿಲ್ಲ.

ಟೆಲಿಫೋನ್ ಬೂತಿಗೆ ಹೋಗಿ ಇವತ್ತು ಬರುವುದಿಲ್ಲ ಎಂದು ಕಾಲೇಜಿಗೆ ತಿಳಿಸಿದೆ. ವಾಪಸು ಬಂದು, ಮೊದಲ ಚೀಲವನ್ನು ಗೂಟದಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡು, ಸಾಬ್ರು ಕೊಟ್ಟ ಚಮಚದ ಬೆನ್ನಿನಿಂದ ಮೇಣ ಕೆರೆಯತೊಡಗಿದೆ.